ಫ್ರೊಸೀನಳ ಗಂಟು

ಕಿಶಿನೌ,
೧೩ ಅಕ್ಟೋಬರ್ ೨೦೧೭, ಶುಕ್ರವಾರ

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ಹೇಗಿದೆ? ಮುಲಾಮು ನೀನೇ ಹಚ್ಚಿಕೊಳ್ಳುತ್ತಿದ್ದೀಯಾ, ಇಲ್ಲ ಹೋದ ಸಲದ ಹಾಗೆ ಅದನ್ನೂ ಸಿನ್ಯೋರಾ ಎಲ್ವೀರಾಳ ಕಾಲಿಗೆ ತಿಕ್ಕಿ ಮುಗಿಸಿದೆಯಾ? ಆ ಮುಲಾಮು ನಾನು ಕಳಿಸಿದ್ದು ನನ್ನ ಅಮ್ಮನಿಗೆ, ನೀನು ನೋಡಿಕೊಳ್ಳುವ ತೊಂಬತ್ತೊಂದು ವರ್ಷದ ಯಜಮಾನಿಗಲ್ಲ. ಅವಳಿಗೆ ಬೇಕಿದ್ದರೆ ಪಾದುವಾ ಊರಿನಲ್ಲಿ ಡಾಕ್ಟರುಗಳಿಗೆ ಬರವಿಲ್ಲ. ಸಕ್ಕರೆ ಪರೀಕ್ಷೆ ಮಾಡಿಸಿಕೊಂಡೆಯಾ? ಮಾಡಿಸಿದೆ ಎಂದು ನಿನ್ನ ಮುದ್ದಿನ ಮಗ ಸಾಂದುವಿನ ಕೈಲಿ ಸುಳ್ಳು ಹೇಳಿಸಬೇಡ, ಅವನ ಮುಖ ನೋಡಿದರೇ ನನಗೆ ಗೊತ್ತಾಗುತ್ತದೆ. ನಾವಿಲ್ಲಿ ಚೆನ್ನಾಗಿದ್ದೇವೆ. ಸಾಂದು ಇನ್ನೂ ದಪ್ಪಗಾಗಿದ್ದಾನೆ. ಇಲ್ಲಿಂದ ಇಟಲಿಗೆ ಪಾರ್ಸೆಲ್ ವ್ಯಾನು ಓಡಿಸುವವನು ದಾರಿಯುದ್ದಕ್ಕೂ ಬೇರೆಯವರ ಅಮ್ಮಂದಿರಿಗೆ ಕಳಿಸಿದ ಪ್ಲಾಚಿಂತೆ ರೊಟ್ಟಿ ತಿನ್ನುತ್ತಾನೆಂದು ನನ್ನ ಗುಮಾನಿ. ಕೇಳಿದರೆ ಗಡಿಯಲ್ಲಿ ಪೊಲೀಸರು ತಿಂದರು ಎನ್ನುತ್ತಾನೆ. ಇವತ್ತಿನ ಪೊಟ್ಟಣದಲ್ಲಿ ಹುಳಿ ಚೆರ್ರಿಯ ಎರಡು ಜಾಡಿ, ಕುರಿಹಾಲಿನ ಚೀಸು, ಒಂದು ಚೀಲ ಆಕ್ರೋಟು ಇದೆ. ಭಾನುವಾರ ಬೆಳಿಗ್ಗೆ ನಿಮ್ಮ ಆ ಪಾರ್ಕಿಂಗ್ ಜಾಗದಲ್ಲಿ ಎಣಿಸಿಕೋ. ಜಾಡಿ ಒಂದೇ ಇದ್ದರೆ ಪೊಲೀಸರ ಕತೆ ನಂಬಬೇಡ.

ಇಷ್ಟಕ್ಕೆಲ್ಲ ಕಾಗದ ಯಾಕೆ, ಫೋನು ಸತ್ತುಹೋಗಿದೆಯಾ ಎನ್ನುತ್ತೀಯ. ಫೋನು ಬದುಕಿದೆ. ಕಳೆದ ಭಾನುವಾರ ಅದರಲ್ಲೇ ಅಲ್ಲವೇ ನಾವು ಜಗಳವಾಡಿದ್ದು. ನನಗೆ ಪ್ರಶಸ್ತಿ ಬಂತು, ಆರು ವಾರ ನಿನ್ನ ಊರಿನ ದೊಡ್ಡಾಸ್ಪತ್ರೆಗೇ ಬರುತ್ತೇನೆ ಎಂದಾಗ ನೀನು ಅತ್ತುಬಿಟ್ಟೆ. ಸಂತೋಷಕ್ಕೆ ಎಂದುಕೊಂಡೆ. ಆಮೇಲೆ ಮೂಗು ಸೀನಿ, 'ಬಂದೋಳು ಇಲ್ಲೇ ಇದ್ಬಿಡೇ ರೋದಿ, ಯಾರು ಬಿಡಲ್ಲ ಅಂತಾರೆ, ಆ ಊರಲ್ಲೇನಿದೆ?' ಎಂದು ನೀನು ಶುರುಮಾಡಿದೆ. ಇದು ವಿನಿಮಯ ಅಮ್ಮಾ, ನಾನು ಬಂದ ಹಾಗೆ ಅಲ್ಲಿಂದಲೂ ಒಬ್ಬರು ನಮ್ಮ ವಾರ್ಡಿಗೆ ಕಲಿಯಲು ಬರುತ್ತಾರೆ ಎಂದು ನಾನು ಹೇಳಿದೆ. 'ನಮ್ಮಲ್ಲೇನಿದೆ ಅಂತ ಬರ್ತಾರೆ!' ಎಂದು ನಕ್ಕೆ ನೀನು. ಆ ನಗು ನನಗೆ ಹಿಡಿಸಲಿಲ್ಲ. ಉತ್ತರ ಕೊಡಲು ಬಾಯಿ ತೆರೆದೆ, ಅಷ್ಟರಲ್ಲಿ 'ಸಿನ್ಯೋರಾ ಕರೀತಿದಾಳೆ, ಇಡ್ತೀನಿ'. ಹದಿನೇಳು ವರ್ಷದಿಂದ ನೋಡುತ್ತಿದ್ದೇನೆ, ನನ್ನ ಮಾತು ಹದಕ್ಕೆ ಬರುವ ಹೊತ್ತಿಗೇ ಮುದುಕಿಗೆ ನೀರಡಿಕೆಯಾಗುತ್ತದೆ. ಮನೆಗಳು ಬದಲಾದವು, ಯಜಮಾನಿಯರು ಬದಲಾದರು, ನೀರಡಿಕೆ ಮಾತ್ರ ಬದಲಾಗಲಿಲ್ಲ. ಅದಕ್ಕೇ ಕಾಗದ. ಇದನ್ನು ಓದುವಾಗ ಯಾವ ಸಿನ್ಯೋರಾಳೂ ನಿನ್ನನ್ನು ಕರೆಯಲಾರಳು, ಕರೆದರೂ ಕಾಗದ ಅಲ್ಲೇ ಕಾಯುತ್ತದೆ.

ಈ ಪ್ರಶಸ್ತಿಯ ವಿಷಯ ನಿನಗೆ ಸರಿಯಾಗಿ ಹೇಳಲೇ ಆಗಲಿಲ್ಲ. ಮಕ್ಕಳ ಶಸ್ತ್ರಚಿಕಿತ್ಸಕರ ಒಂದು ಸಂಘ ವರ್ಷಕ್ಕೆ ನಾಲ್ಕು ಜನರನ್ನು ನಮ್ಮಂಥ ದೇಶಗಳಿಂದ ಆರಿಸಿ, ಹೋಗಿಬರುವ ಖರ್ಚು ಕೊಟ್ಟು, ದೊಡ್ಡ ಆಸ್ಪತ್ರೆಗಳಿಗೆ ಕಲಿಯಲು ಕಳಿಸುತ್ತದೆ. ಹೆಸರು ವಿನಿಮಯ ಪ್ರಶಸ್ತಿ. ನಮ್ಮ ವಿಭಾಗದಿಂದ ಈ ಇಪ್ಪತ್ತೈದು ವರ್ಷದಲ್ಲಿ ನಾಲ್ಕು ಮಂದಿ ಹೋಗಿದ್ದಾರೆ. ಅಲ್ಲಿಂದ ಇಲ್ಲಿಗೆ ಒಂದು ನರಪಿಳ್ಳೆ ಬಂದಿಲ್ಲ. ನೆರೆಮನೆಯವಳು ಕೊಟ್ಟ ಬಟ್ಟಲನ್ನು ಖಾಲಿ ವಾಪಸು ಕಳಿಸಬಾರದು ಎಂದು ಕಲಿಸಿದವಳು ನೀನು. ಅರ್ಜಿಯ ಏಳನೇ ಪುಟದಲ್ಲಿ ಒಂದು ಕೊನೆಯ ಕಲಂ ಇದೆ: ನಮ್ಮ ಕಡೆಯ ಶಸ್ತ್ರಚಿಕಿತ್ಸಕರು ಬಂದರೆ ನಿಮ್ಮ ವಿಭಾಗ ಅವರಿಗೆ ಏನನ್ನು ಕಲಿಸಬಲ್ಲದು? ಅದಕ್ಕೆ ಸರಿಯಾದ ಉತ್ತರವಿದ್ದರೆ ಅವರಲ್ಲೊಬ್ಬರು ಎರಡು ವಾರಕ್ಕೆ ಬರುತ್ತಾರೆ. ಹಿಂದಿನವರ ಅರ್ಜಿಗಳ ನಕಲು ಬೀರುವಿನಲ್ಲಿದ್ದವು, ತೆಗೆದು ನೋಡಿದೆ. ಒಬ್ಬರು ಆ ಜಾಗ ಖಾಲಿ ಬಿಟ್ಟಿದ್ದರು. ಇನ್ನೊಬ್ಬರು 'ಆತ್ಮೀಯ ಆತಿಥ್ಯ' ಎಂದು ಬರೆದಿದ್ದರು. ಮೂರನೆಯವರು 'ದ್ರಾಕ್ಷಾರಸದ ನೆಲಮಾಳಿಗೆಗಳ ದರ್ಶನ' ಎಂದು! ನಾಲ್ಕನೆಯದು ನಮ್ಮ ಪ್ರೊಫೆಸರ್ ಬುರ್ಲಾಕು ಅವರದೇ, ೧೯೯೪ರದು. ಅಲ್ಲಿ ಒಂದು ಅಡ್ಡಗೆರೆ ಎಳೆದಿದ್ದರು. ನನಗೆ ಎಷ್ಟು ಉರಿಯಿತೆಂದರೆ ಅಲ್ಲೇ ಕುಳಿತು ಅರ್ಧ ಪುಟ ಬರೆದೆ. ದಾರದ ಬಗ್ಗೆ ಬರೆದೆ ಅಮ್ಮಾ.

ಯಾವ ದಾರ ಎಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ನಿನಗೆ ಅದರಲ್ಲಿ ಅರ್ಧ ಮಾತ್ರ ನೆನಪಿದೆ. ತೊಂಬತ್ತಾರರ ಚಳಿಗಾಲ. ಸಾಂದುಗೆ ಮೂರು ವರ್ಷ, ನನಗೆ ಹದಿನೈದು, ಅಪ್ಪ ತೀರಿಕೊಂಡು ವರ್ಷವಾಗಿತ್ತು. ಹಂದಿ ಕೊಯ್ದಾಗ ಉಳಿದ ಕೊಬ್ಬಿಗೆ ಕಾಸ್ಟಿಕ್ ಸೋಡಾ ಹಾಕಿ ಸೋಪು ಕಾಯಿಸುವುದು ನಮ್ಮ ಹಳ್ಳಿಯಲ್ಲಿ ಮನೆಮನೆಯ ಕೆಲಸ. ಕರಗಿಸಿ ಮಿಕ್ಕ ಸೋಡಾ ನೀರನ್ನು ಶರಬತ್ತಿನ ಖಾಲಿ ಬಾಟಲಿಗೆ ತುಂಬಿಡುವುದೂ ಮನೆಮನೆಯ ಅಭ್ಯಾಸ. ಪಾದ್ರಿಯ ಹೆಂಡತಿಯೂ ಹಾಗೇ ಇಡುತ್ತಿದ್ದಳು, ಶಾಲೆಯ ಟೀಚರೂ ಹಾಗೇ ಇಡುತ್ತಿದ್ದಳು. ಇವತ್ತಿಗೂ ಇಡುತ್ತಾರೆ, ನಮ್ಮ ವಾರ್ಡಿನ ಹಾಸಿಗೆಗಳು ತುಂಬುವುದೇ ಅದರಿಂದ. ಸಾಂದು ಒಂದು ಗುಟುಕು ಕುಡಿದ. ಇಷ್ಟು ನಿನಗೆ ನೆನಪಿದೆ, ಬಾಟಲಿಯ ಮೇಲಿನ ಹಳದಿ ಚೀಟಿಯ ಸಮೇತ. ಮುಂದಿನದನ್ನು ನನ್ನಿಂದ ಕೇಳು.

ಹುಡುಗ ಉಳಿದ, ಆದರೆ ಅವನ ಅನ್ನನಾಳ ಸುಟ್ಟು ಮುದುರಿ ಸೂಜಿಯ ಕಣ್ಣಿನಷ್ಟಾಯಿತು. ಹಾಲು ಕೂಡ ಇಳಿಯದು. ಹೊಟ್ಟೆಗೆ ತೂತು ಮಾಡಿ ಕೊಳವೆಯಿಟ್ಟು ಅದರಲ್ಲಿ ಗಂಜಿ ಸುರಿದರು. ತೆಕ್ಲಾ ಚಿಕ್ಕಮ್ಮ, ಈಗ ನಮ್ಮ ವಾರ್ಡಿನ ಹಿರಿಯ ನರ್ಸು, ಆಗಿನ್ನೂ ಹೊಸಬಳು. ರೇಷ್ಮೆ ದಾರದ ತುದಿಯನ್ನು ಜೇನಿನಲ್ಲಿ ಅದ್ದಿ ಅವನ ನಾಲಗೆಯ ಮೇಲಿಟ್ಟು ಎರಡು ದಿನ ಕುಳಿತು ನುಂಗಿಸಿದಳು. ದಾರದ ಒಂದು ತುದಿ ಮೂಗಿನಿಂದ ಹೊರಗೆ, ಇನ್ನೊಂದು ಹೊಟ್ಟೆಯ ತೂತಿನಿಂದ ಹೊರಗೆ. ವಾರಕ್ಕೊಮ್ಮೆ ಅದಕ್ಕೆ ರಬ್ಬರಿನ ಕಡ್ಡಿ ಕಟ್ಟಿ ಕೆಳಗಿನಿಂದ ಮೇಲಕ್ಕೆ ಎಳೆಯುವುದು. ಮೊದಲು ಹುಲ್ಲಿನಷ್ಟು ಸಣ್ಣದು, ಆಮೇಲೆ ಪೆನ್ಸಿಲಿನಷ್ಟು, ಕೊನೆಗೆ ಹೆಬ್ಬೆರಳಿನಷ್ಟು. ಕಡ್ಡಿ ದಾರದ ಹಿಂದೆಯೇ ಹೋಗುವುದರಿಂದ ಅಡ್ಡ ಚುಚ್ಚಿ ಅನ್ನನಾಳ ಹರಿಯುವ ಭಯವಿಲ್ಲ. ಕಷ್ಟ ಬಂದಿದ್ದು ದಾರ ಬದಲಿಸುವ ದಿನ. ಎಂಜಲಿನಲ್ಲಿ ನೆನೆದ ದಾರ ಮೂರು ವಾರಕ್ಕೆ ಕೊಳೆಯುತ್ತದೆ, ಹಳೆಯದರ ತುದಿಗೆ ಹೊಸದನ್ನು ಕಟ್ಟಿ ಎಳೆಯಬೇಕು. ಡಾಕ್ಟರು ಹಾಕಿದ ಗಂಟು ಆ ಕಿರಿದಾದ ಜಾಗದಲ್ಲಿ ಸಿಕ್ಕಿಕೊಂಡಿತು. ಬಿಚ್ಚಿ ಮತ್ತೆ ಹಾಕಿದರು, ಮತ್ತೆ ಸಿಕ್ಕಿತು. ಮೂರನೇ ಸಲ ಹಳೆಯ ದಾರವೇ ನಾರುನಾರಾಗತೊಡಗಿತು. ಇದು ತುಂಡಾದರೆ ಮತ್ತೆ ದಾರಿ ಸಿಗುವುದಿಲ್ಲ, ಎದೆ ಸೀಳಬೇಕಾಗುತ್ತದೆ ಎಂದರು. ನಾನು ಸಾಂದುವಿನ ಕಾಲು ಹಿಡಿದಿದ್ದೆ.

ಆಗ ನೀನು ಗೋಡೆಯ ಮೂಲೆ ಬಿಟ್ಟು ಎದ್ದು ಬಂದೆ. ಎಪ್ಪತ್ತು ದಿನದಿಂದ ಯಾರ ಹತ್ತಿರವೂ ಒಂದು ಮಾತಾಡದವಳು 'ನಂಗೆ ಕೊಡಿ' ಎಂದೆ, ಅಷ್ಟೇ. ಡಾಕ್ಟರ ಕೈಯಿಂದ ಎರಡೂ ತುದಿ ತೆಗೆದುಕೊಂಡು, ನಾಲಗೆಗೆ ತಾಗಿಸಿ ಒದ್ದೆ ಮಾಡಿ, ಮಗ್ಗದಲ್ಲಿ ಹಾಸಿನ ನೂಲು ತುಂಡಾದಾಗ ಹಾಕುತ್ತೀಯಲ್ಲ, ಹಣಿಗೆಯ ಹಲ್ಲಿನ ನಡುವೆಯೂ ತಡೆಯದೆ ನುಸುಳಿ ಹೋಗುವ ಗಂಟು, ಅದನ್ನು ಹಾಕಿದೆ. ಮಿಕ್ಕ ಎಳೆಯನ್ನು ಹಲ್ಲಿನಿಂದ ಕಡಿದೆ. ಡಾಕ್ಟರು ಎಳೆದರು, ಗಂಟು ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ನೀನು ವಾಪಸು ಹೋಗಿ ಅದೇ ಮೂಲೆಯಲ್ಲಿ ಕುಳಿತೆ. ಮುಂದಿನ ಎರಡು ವರ್ಷ ಪ್ರತಿ ಸಲ ದಾರ ಬದಲಿಸುವಾಗ ನಿನ್ನನ್ನೇ ಕರೆದರು, ತೆಕ್ಲಾ ಚಿಕ್ಕಮ್ಮ ನಿನ್ನ ಬೆರಳು ನೋಡಿ ನೋಡಿ ಕಲಿತಳು, ಅವಳಿಂದ ಎಲ್ಲರೂ ಕಲಿತರು. ಸಾಂದು ಆರನೇ ವರ್ಷಕ್ಕೆ ಮೆಕ್ಕೆಜೋಳದ ಮುದ್ದೆ ಮಮಲಿಗಾ ತಿಂದ, ಏಳಕ್ಕೆ ಮಾಂಸ ತಿಂದ, ಈಗ ಏನೇನು ತಿನ್ನುತ್ತಾನೆಂದು ಮೇಲೆ ಬರೆದಿದ್ದೇನೆ. ಅವನ ಗಂಟಲು ಸರಿಹೋದ ವರ್ಷವೇ ನೀನು ಇಟಲಿಯ ಬಸ್ಸು ಹತ್ತಿದೆ. ಅಂದಿನಿಂದ ಇಂದಿನವರೆಗೆ ಊರಿಗೆ ಐದು ಸಲ ಬಂದಿದ್ದೀಯ, ಆ ಆಸ್ಪತ್ರೆಯ ಗೇಟು ಮಾತ್ರ ಒಂದು ಸಲವೂ ದಾಟಿಲ್ಲ. ನನಗೆ ಅಲ್ಲಿ ಕೆಲಸ ಸಿಕ್ಕಾಗಲೂ ಎದುರಿನ ರಸ್ತೆಯಲ್ಲೇ ನಿಂತೆ.

ಇರಲಿ, ಅರ್ಜಿಯ ಕತೆಗೆ ಬರುತ್ತೇನೆ. ವಿಭಾಗದ ಮುಖ್ಯಸ್ಥರ ಸಹಿಯಿಲ್ಲದೆ ಅರ್ಜಿ ಹೋಗುವ ಹಾಗಿಲ್ಲ. ಬುರ್ಲಾಕು ಅವರು ಏಳನೇ ಪುಟದವರೆಗೆ ತಲೆಯಾಡಿಸುತ್ತಾ ಓದಿದರು, ಅಲ್ಲಿಗೆ ಬಂದು ಕೆಂಪು ಪೆನ್ಸಿಲು ತೆಗೆದರು. 'ಏನಮ್ಮಾ ಇದು, ದಾರ, ಜೇನುತುಪ್ಪ, ನೇಕಾರರ ಗಂಟು? ಅವ್ರು ಬಲೂನು ಹಾಕಿ ಹಿಗ್ಸೋ ಕಾಲದಲ್ಲಿ ನೀನು ಅಜ್ಜಿ ಕಾಲದ ಗಂಟು ತೋರಿಸ್ತೀಯಾ? ನಗುವವರ ಮುಂದೆ ಎಡವಿ ಬಿದ್ದಂಗಾಗತ್ತೆ. ಈ ಅರ್ಧ ಪುಟ ತೆಗಿ, ಸಹಿ ಹಾಕ್ತೀನಿ' ಎಂದು ಉದ್ದಕ್ಕೂ ಕಾಟು ಹೊಡೆದರು. ನಾನು ಹೊಸದಾಗಿ ಮುದ್ರಿಸಿ ಅದೇ ಅರ್ಧ ಪುಟದ ಸಮೇತ ಮೇಜಿನ ಮೇಲಿಟ್ಟೆ. ಮತ್ತೆ ಕಾಟು. ಮತ್ತೆ ಇಟ್ಟೆ. 'ನೀನು ನಿಮ್ಮಮ್ಮನ ಹಾಗೇ ಜಗಮೊಂಡಿ' ಎಂದರು. ಥ್ಯಾಂಕ್ಸ್ ಸರ್ ಎಂದೆ. ನಿಜ ಹೇಳುತ್ತೇನೆ, ಹೊರಗೆ ಬಂದು ಕಾರಿಡಾರಿನಲ್ಲಿ ಗೋಡೆಯ ಕ್ಯಾಲೆಂಡರು ನೋಡಿದೆ. ಕೊನೆಯ ದಿನಾಂಕಕ್ಕೆ ಐದೇ ದಿನ ಇತ್ತು, ನನಗೆ ಮೂವತ್ತಾರು, ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ. ಆ ಅರ್ಧ ಪುಟ ತೆಗೆದರೆ ಪಾದುವಾ, ಉಳಿಸಿದರೆ ಏನೂ ಇಲ್ಲ. ತೆಗೆಯುವುದಿಲ್ಲ ಎಂದು ನಿರ್ಧರಿಸಿದೆ. ನಿನ್ನ ಮಗನ ಗಂಟಲಿನಲ್ಲಿ ಇಳಿದ ಗಂಟನ್ನು ನಾಚಿಕೆಗೇಡು ಎಂದು ಬಚ್ಚಿಟ್ಟು ನಿನ್ನ ಊರಿಗೇ ಬರಬೇಕೇ? ಅಂಥ ಪ್ರಯಾಣ ನನಗೆ ಬೇಡ.

ನನ್ನನ್ನು ಉಳಿಸಿದವಳು ತೆಕ್ಲಾ ಚಿಕ್ಕಮ್ಮ. ಮಾರನೇ ಬೆಳಿಗ್ಗೆ ರೌಂಡ್ಸ್ ನಡೆಯುತ್ತಿತ್ತು. ಪ್ರೊಫೆಸರು ಮುಂದೆ, ಹಿಂದೆ ನಾವೆಲ್ಲ ಬಾತುಕೋಳಿಗಳ ಸಾಲು. ನಾಲ್ಕನೇ ಹಾಸಿಗೆಯಲ್ಲಿ ಸೊರೋಕಾ ಕಡೆಯ ಇಲಿಂಕಾ ಎಂಬ ಮೂರು ವರ್ಷದ ಹುಡುಗಿ ಇದ್ದಾಳೆ, ಅದೇ ಸೋಪಿನ ಸೋಡಾ, ಅದೇ ಬಾಟಲಿ. ಅವಳ ತಾಯಿ ವೇರಾ ಕಿಟಕಿಯ ಕೆಳಗೆ ಸ್ಟೂಲಿನ ಮೇಲೆ ಕುಳಿತಿದ್ದಳು. ತೆಕ್ಲಾ ಚಿಕ್ಕಮ್ಮ ಕೇಸ್ ಕಾಗದ ಕೈಗೆ ಕೊಡುತ್ತಾ ಎಲ್ಲರಿಗೂ ಕೇಳುವ ಹಾಗೆ, 'ಪ್ರೊಫೆಸರ್ರೇ, ನಿನ್ನೆ ಈ ಮಗೂಗೆ ದಾರ ಬದಲಾಯಿಸಿದ್ರಲ್ಲ, ಯಾವ ಗಂಟು ಹಾಕಿದ್ರಿ?' ಎಂದಳು. ಅವರು ಕೆಮ್ಮಿ, 'ಯಾವ್ದು ಅಂದ್ರೆ? ನಮ್ಮ ಗಂಟೇ' ಎಂದರು. 'ನಮ್ದು ಅಂದ್ರೆ ಯಾರ್ದು?' 'ತೆಕ್ಲಾ, ರೌಂಡ್ಸ್ ಮಧ್ಯ ಇದೆಲ್ಲ ಬೇಡ.' 'ಫ್ರೊಸೀನಂದು. ಇಪ್ಪತ್ತೊಂದು ವರ್ಷದಿಂದ ಅವಳ ಗಂಟೇ ಹಾಕ್ತಿದೀವಿ. ಹಾಕೋವಾಗ ಇಲ್ಲದ ನಾಚಿಕೆ ಬರೆಯೋವಾಗ ಎಲ್ಲಿಂದ ಬಂತು?' ಬಾತುಕೋಳಿಗಳ ಸಾಲಿನೆದುರು ನಿನ್ನ ಹೆಸರನ್ನೇ ಹೇಳಿಬಿಟ್ಟಳು ಅಮ್ಮಾ. ಪ್ರೊಫೆಸರು ಐದನೇ ಹಾಸಿಗೆಗೆ ಹೋದರು.

ಮಧ್ಯಾಹ್ನ ನನ್ನನ್ನು ಕರೆಸಿದರು. ಬೈಗುಳಕ್ಕೆ ಸಿದ್ಧವಾಗಿಯೇ ಹೋದೆ. ಅವರು ಬಾಗಿಲ ಹಿಂದೆ ತೂಗುಹಾಕಿದ್ದ ಹಳೆಯ ಬೂದು ಕೋಟನ್ನು ತೋರಿಸಿದರು. ತೊಂಬತ್ತನಾಲ್ಕರಲ್ಲಿ ಇದೇ ಪ್ರಶಸ್ತಿಯ ಮೇಲೆ ಅವರು ಹೋದಾಗ ಮೂರು ತಿಂಗಳು ಆಪರೇಷನ್ ಕೋಣೆಯ ಹಿಂದಿನ ಸಾಲಿನಲ್ಲಿ ನಿಲ್ಲಿಸಿದರಂತೆ. ಒಂದು ದಿನವೂ ಕೈ ತೊಳೆದುಕೊಂಡು ಮೇಜಿನ ಹತ್ತಿರ ಬಾ ಎನ್ನಲಿಲ್ಲ, ನಿಮ್ಮಲ್ಲಿ ಹೇಗೆ ಮಾಡುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ. ಬರುವ ದಿನ ಅಲ್ಲಿನ ಮುಖ್ಯಸ್ಥರು ತಬ್ಬಿಕೊಂಡು ತಮ್ಮ ಹಳೆಯ ಕೋಟು ಕೊಟ್ಟು ಕಳಿಸಿದರು. 'ಒಳ್ಳೇ ಮನುಷ್ಯ ಕಣಮ್ಮಾ, ಪ್ರೀತಿಯಿಂದಲೇ ಕೊಟ್ಟಿದ್ದು. ಅದೇ ಕಷ್ಟ. ನಾನು ಆ ಕಲಮ್ಮಿನಲ್ಲಿ ಗೆರೆ ಎಳೆದು ಹೋಗಿದ್ದೆ, ಏನೂ ಇಲ್ದೋನು ಅಂತ ನಾನೇ ಬರಕೊಟ್ಟಿದ್ದೆ. ಇನ್ನೇನು ಕೊಡ್ತಾರೆ?' ಎಂದರು. ಹಿತ್ತಲ ಗಿಡ ಮದ್ದಲ್ಲ ಎಂದು ನಂಬಿ ಇಡೀ ಜೀವನ ಕಳೆದ ಮನುಷ್ಯ ಆ ಹೊತ್ತು ಸಣ್ಣ ಹುಡುಗನಂತೆ ಕಂಡರು, ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಸಹಿ ಹಾಕಿದರು. 'ನಕ್ಕರೆ ನನ್ನ ಹತ್ರ ಅಳ್ತಾ ಬರಬೇಡ' ಎಂದು ಸೇರಿಸಿದರು, ಇಲ್ಲದಿದ್ದರೆ ಅವರು ಬುರ್ಲಾಕು ಹೇಗಾಗುತ್ತಾರೆ.

ನಕ್ಕರು ಅಮ್ಮಾ. ಸಂದರ್ಶನ ಕಂಪ್ಯೂಟರಿನ ಪರದೆಯ ಮೇಲೆ, ಪ್ರೊಫೆಸರ ಕೋಣೆಯಲ್ಲೇ. ಅವರು ನನ್ನ ಪಕ್ಕದಲ್ಲಿ ಟೈ ಕಟ್ಟಿ ಕುಳಿತಿದ್ದರು. ಪರದೆಯಲ್ಲಿ ಮೂರು ಜನ. ನಡುವಿನ ಅಧ್ಯಕ್ಷರು ಬಲು ಸಭ್ಯರು, ಪುಟ ತಿರುವುತ್ತಾ ಬಂದು, 'ಕೊನೇ ಕಲಂ ಯಾರೂ ತುಂಬಲ್ಲ, ನೀವು ತುಂಬಿದೀರಿ' ಎಂದು ಮುಗುಳ್ನಕ್ಕು, 'ದಾರ! ನಮ್ಮ ತಾತನ ಪುಸ್ತಕದಲ್ಲಿ ಓದಿದ ನೆನಪು' ಎಂದರು. ಆಚೆಯವರೊಬ್ಬರು ಬಾಯಿಗೆ ಕೈ ಅಡ್ಡ ಹಿಡಿದರು. ಪ್ರೊಫೆಸರು ಮೇಜಿನ ಕೆಳಗೆ ನನ್ನ ಕಾಲು ತುಳಿದರು, ಸಾಕು ಬಿಡು ಎಂದು. ನಾನು ಬಿಡಲಿಲ್ಲ. ನಮ್ಮ ವಾರ್ಡಿನ ಹದಿನಾಲ್ಕು ವರ್ಷದ ದಾಖಲೆ, ಎಂಬತ್ತಮೂರು ಮಕ್ಕಳು, ದಾರ ಹಾಕಿದವರಲ್ಲಿ ಒಬ್ಬರ ಅನ್ನನಾಳವೂ ಹರಿದಿಲ್ಲ. ನಿಮ್ಮ ಬಲೂನಿನಲ್ಲಿ ನೂರಕ್ಕೆ ಎಷ್ಟು ಹರಿಯುತ್ತದೆ, ದಯವಿಟ್ಟು ಹೇಳುತ್ತೀರಾ ಎಂದು ಕೇಳಿದೆ. ತಾತನ ಪುಸ್ತಕವನ್ನು ನೀವು ಬೇಗ ಮುಚ್ಚಿಟ್ಟಿರಿ, ನಾವು ಇನ್ನೂ ಓದುತ್ತಿದ್ದೇವೆ ಎಂದೂ ಅಂದೆ. ಮೂಗಿನ ತುದಿಯಲ್ಲೇ ಕೋಪ ನನಗೆ, ಗೊತ್ತಲ್ಲ. ಅಧ್ಯಕ್ಷರ ಮುಗುಳ್ನಗೆ ನಿಂತಿತು.

ಅಲ್ಲಿಯವರೆಗೆ ಸುಮ್ಮನಿದ್ದವಳು ಮೂರನೆಯವಳು, ಪಾದುವಾ ಆಸ್ಪತ್ರೆಯ ಡಾಕ್ಟರ್ ಒರ್ಸೋಲಾ. ನಿನ್ನ ವಯಸ್ಸಿನವಳು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. 'ದಾರ ಬದಲಿಸೋವಾಗ ಗಂಟು ಸಿಕ್ಕಿಕೊಳ್ಳಲ್ವಾ? ನಂಗೆ ಎರಡು ಮಕ್ಕಳಲ್ಲಿ ಸಿಕ್ಕಿಕೊಂಡಿತ್ತು. ಆಮೇಲೆ ಆ ಪದ್ಧತೀನೇ ಬಿಟ್ಬಿಟ್ಟೆ' ಎಂದಳು. ಕೇಳಬೇಕಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ನನ್ನ ಕೋಟಿನ ಜೇಬಿನಲ್ಲಿ ರೇಷ್ಮೆ ದಾರ ಯಾವಾಗಲೂ ಇರುತ್ತದೆ. ತೆಗೆದು, ನಾಲಗೆಗೆ ತಾಗಿಸಿ, ಕ್ಯಾಮೆರಾದ ಮುಂದೆ ಹಿಡಿದು ನಿನ್ನ ಗಂಟು ಹಾಕಿದೆ. ಪ್ರೊಫೆಸರು ಕಾಗದದಿಂದ ಮುಖ ಮುಚ್ಚಿಕೊಂಡರು. 'ಇನ್ನೊಂದ್ಸಲ, ನಿಧಾನವಾಗಿ' ಎಂದಳು ಒರ್ಸೋಲಾ. ಹಾಕಿದೆ. ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಅದರ ದಾರ ಬಿಚ್ಚಿಕೊಂಡು ತಾನೂ ಹಾಕಲು ನೋಡಿದಳು. ಜಾರಿತು. ಮತ್ತೆ ನೋಡಿದಳು, ಮತ್ತೆ ಜಾರಿತು. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದರೂ ಅವಳು ಬಿಡಲೊಲ್ಲಳು, ಸಂದರ್ಶನದ ಉಳಿದ ಹೊತ್ತೆಲ್ಲ ಅದರಲ್ಲೇ ಹೋಯಿತು. ಕೊನೆಗೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿ, 'ಇದು ಶಸ್ತ್ರಚಿಕಿತ್ಸಕರ ಕೈ ಕಂಡುಹಿಡಿದಿದ್ದಲ್ಲ. ಯಾರದು?' ಎಂದು ಕೇಳಿದಳು. ನನ್ನ ಅಮ್ಮನದು ಎಂದೆ. ಅಮ್ಮಾ, ಮೂವತ್ತಾರು ವರ್ಷದಲ್ಲಿ ಅಷ್ಟು ಉಬ್ಬಿ ನಾನು ಯಾವ ಮಾತನ್ನೂ ಆಡಿರಲಿಲ್ಲ.

ಒಂಬತ್ತನೇ ದಿನ ಕಾಗದ ಬಂತು. ನನ್ನ ಪ್ರಯಾಣಕ್ಕೂ ಒಪ್ಪಿದ್ದಾರೆ, ಏಳನೇ ಪುಟಕ್ಕೂ ಒಪ್ಪಿದ್ದಾರೆ. ನವೆಂಬರ್ ಕೊನೆಗೆ ಒರ್ಸೋಲಾ ಎರಡು ವಾರ ನಮ್ಮ ವಾರ್ಡಿಗೆ ಬರುತ್ತಾಳೆ. ನಾನು ಫೆಬ್ರವರಿಯಲ್ಲಿ ಅವಳ ಆಸ್ಪತ್ರೆಗೆ. ಮೊದಲು ಅವರು ಬರುತ್ತಾರೆ, ಗಮನಿಸು. ಸಹಿ ಹಾಕಲು ಅಷ್ಟು ಸತಾಯಿಸಿದ ಬುರ್ಲಾಕು ಅವರು ಈಗ ದಿನಕ್ಕೆರಡು ಸಲ ವಾರ್ಡಿನ ಗೋಡೆಗೆ ಯಾವ ಬಣ್ಣ ಹೊಡೆಸೋಣ ಎಂದು ಕೇಳುತ್ತಾರೆ, ಆ ಬೂದು ಕೋಟನ್ನು ಯಾರಿಗೋ ಕೊಟ್ಟುಬಿಟ್ಟರಂತೆ. ಆದರೆ ಇನ್ನೊಂದು ಕಾಗದ ತುಂಬುವುದು ಬಾಕಿ ಇದೆ. ಈ ತಿಂಗಳ ಮೂವತ್ತೊಂದರೊಳಗೆ ಅದು ಸಂಘಕ್ಕೆ ತಲುಪದಿದ್ದರೆ ಒರ್ಸೋಲಾಳ ಪ್ರಯಾಣ ರದ್ದಾಗುತ್ತದೆ, ನಾನೊಬ್ಬಳೇ ಬರಬೇಕಾಗುತ್ತದೆ, ಮತ್ತೆ ಖಾಲಿ ಬಟ್ಟಲು. ಅದರ ಮಾತು ಕೊನೆಗೆ.

ಮೊದಲು ಭಾನುವಾರ ಫೋನಿನಲ್ಲಿ ಬಾಕಿ ಉಳಿದ ಉತ್ತರ. ನಾನು ಅಲ್ಲೇ ನಿಲ್ಲುವುದಿಲ್ಲ ಅಮ್ಮಾ. ಆರು ವಾರ ಕಲಿಯುತ್ತೇನೆ, ಕೈ ತೊಳೆದುಕೊಂಡು ಮುಂದಿನ ಸಾಲಿನಲ್ಲಿ ನಿಲ್ಲುತ್ತೇನೆ, ವಾಪಸು ಬರುತ್ತೇನೆ. ಇಲ್ಲೇನಿದೆ ಎಂದು ನೀನು ಕೇಳಿದೆ, ಬುರ್ಲಾಕು ಅವರೂ ಅದನ್ನೇ ಕೇಳಿದ್ದರು. ಅವರಿಗೆ ಕೋಟಿನ ನೋವಿತ್ತು, ನಿನಗೆ ಬಾಟಲಿಯ ನೋವು. ಊರಿನಲ್ಲಿ ಯಾರೂ ನಿನ್ನನ್ನು ಒಂದು ಮಾತು ಅನ್ನಲಿಲ್ಲ, ಅಜ್ಜಿ ಕೂಡ ಅನ್ನಲಿಲ್ಲ. ಅಂದುಕೊಂಡವಳು ನೀನೊಬ್ಬಳೇ. ಸಾಂದುವನ್ನು ಕೇಳಿದರೆ, 'ನಂಗೆ ಅದೆಲ್ಲ ನೆನಪೇ ಇಲ್ಲ ಕಣೇ, ದಾರ ಬರೋವಾಗ ಮೂಗಲ್ಲಿ ಕಚಗುಳಿ ಆಗ್ತಿತ್ತು ಅಷ್ಟೇ' ಎನ್ನುತ್ತಾನೆ. ನೀನು ದುಡಿಯಲು ಹೋದೆ ಎಂದು ಎಲ್ಲರ ಹಾಗೆ ನಾನೂ ಹೇಳುತ್ತಿದ್ದೆ. ನನ್ನ ಓದಿಗೆ ನೀನು ಬೆನ್ನು ಮುರಿದುಕೊಂಡದ್ದು ನನಗೆ ಗೊತ್ತಿಲ್ಲದ್ದಲ್ಲ, ಅದನ್ನು ಯಾವ ಬಟ್ಟಲಿನಲ್ಲಿ ತುಂಬಿ ಹಿಂದಿರುಗಿಸಲಿ? ಆದರೆ ನಾನು ಡಾಕ್ಟರಾಗಿ ಹನ್ನೆರಡು ವರ್ಷವಾಯಿತು, ನೀನು ಇನ್ನೂ ಅಲ್ಲೇ ಇದ್ದೀಯ. ನೀನು ಓಡಿಹೋದವಳು ಅಮ್ಮಾ. ಇದನ್ನು ಬರೆಯಲು ನನಗೆ ಎದೆ ನೋಯುತ್ತದೆ, ಬರೆಯದಿದ್ದರೆ ಇನ್ನೂ ನೋಯುತ್ತದೆ. ನೀನು ಬಾಟಲಿಯನ್ನು ಮಾತ್ರ ನೆನಪಿಟ್ಟುಕೊಂಡು ಹೊರಟುಹೋದೆ. ಗಂಟನ್ನು ನೆನಪಿಟ್ಟುಕೊಂಡಿದ್ದು ನಮ್ಮ ವಾರ್ಡು.

ತೆಕ್ಲಾ ಚಿಕ್ಕಮ್ಮ ನಿನ್ನನ್ನು ಬಾಯ್ತುಂಬ ಕೇಳಿದಳೆಂದು ಹೇಳಲು ಹೇಳಿದ್ದಾಳೆ. ಸಿನ್ಯೋರಾ ಎಲ್ವೀರಾಗೆ ನನ್ನ ನಮಸ್ಕಾರ, ಚೆರ್ರಿ ಅವಳಿಗೆ ಒಂದೇ ಚಮಚ. ದೇವಮಾತೆ ನಿನ್ನನ್ನು ಕಾಯಲಿ, ನಿನ್ನ ಮೊಣಕಾಲನ್ನು ನೀನೂ ಸ್ವಲ್ಪ ಕಾಯಿ. ನಿನ್ನ ಎರಡೂ ಕೈಗಳಿಗೆ, ಹತ್ತೂ ಬೆರಳುಗಳಿಗೆ ಮುತ್ತು.

ನಿನ್ನ ಜಗಮೊಂಡಿ ಮಗಳು,
ರೋದಿಕಾ

ತಾ.ಕ. ಸಾಂದು ಕೆಳಗೆ ಹಾರನ್ ಒತ್ತುತ್ತಿದ್ದಾನೆ, ಬೇಗ ಬರೆಯುತ್ತೇನೆ. ಆ ಬಾಕಿ ಕಾಗದ ಆಕ್ರೋಟಿನ ಚೀಲದ ಬಾಯಲ್ಲೇ ಇದೆ. ಅದರಲ್ಲಿ ಎರಡು ಖಾಲಿ ಗೆರೆ ಇದ್ದವು: ಗಂಟು ಕಲಿಸುವವರು ಯಾರು, ವಾರ್ಡಿನವರಿಗೂ ಒರ್ಸೋಲಾಳಿಗೂ ನಡುವೆ ಇಟಲಿಯ ಮಾತಿಗೆ ದುಭಾಷಿ ಯಾರು. ತೆಕ್ಲಾ ಚಿಕ್ಕಮ್ಮನನ್ನು ಕೇಳಿದರೆ 'ನಾನು ಕದ್ದು ಕಲಿತೋಳು, ನನ್ನ ಹೆಸರು ಬರೆದ್ರೆ ಪೆನ್ನು ಮುರೀತೀನಿ' ಎಂದಳು. 'ಮುದುಕರ ಹಾಸಿಗೆ ಮಡಿಸೋಳು ದುಭಾಷಿಯಾ?' ಎಂದರು ಬುರ್ಲಾಕು. ಎಲ್ಲಿ ನೋಯುತ್ತದೆ, ಹೇಗೆ ನೋಯುತ್ತದೆ ಎಂದು ಇಟಲಿಯವರ ಬಾಯಿಂದಲೇ ಹದಿನೇಳು ವರ್ಷ ಕೇಳಿದವಳು ನಿಮ್ಮ ವಿಶ್ವವಿದ್ಯಾಲಯದಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ ಎಂದೆ, ಕೆಂಪು ಪೆನ್ಸಿಲು ಜೇಬಿಗಿಟ್ಟರು. ಎರಡೂ ಗೆರೆಯ ಮೇಲೆ ನಿನ್ನ ಹೆಸರೇ ಬರೆದಿದ್ದೇನೆ. ಸಹಿ ನಿನ್ನದು ಬೇಕು. ಸಾಂದು ನಿನ್ನ ಪೊಟ್ಟಣ ಮೊದಲು ಕೊಟ್ಟು, ಸಹಿಯಾಗುವವರೆಗೆ ಮತ್ತೆ ವ್ಯಾನಿನ ಬಾಗಿಲು ತೆಗೆಯುವುದಿಲ್ಲ, ನಿನ್ನ ಹಿಂದೆ ಪಾರ್ಸೆಲ್ಲಿಗೆ ಕಾದಿರುವ ಹೆಂಗಸರೆಲ್ಲ ನಿನ್ನನ್ನೇ ಬೈಯುತ್ತಾರೆ. ಎರಡು ವಾರ ಸಿನ್ಯೋರಾಳ ಜೊತೆ ಅವಳ ಮಗಳೇ ಇರುತ್ತಾಳಂತೆ, ಸಾಂದು ಫೋನು ಮಾಡಿ ಒಪ್ಪಿಸಿದ್ದಾನೆ. ಆ ನೆಪವೂ ಹೋಯಿತು. ಅಮ್ಮಾ, ಇಲಿಂಕಾಳ ತಾಯಿ ವೇರಾ ಆ ಕಿಟಕಿಯ ಕೆಳಗೆ ಕುಳಿತು ಇವತ್ತಿಗೆ ಅರವತ್ತೊಂಬತ್ತು ದಿನ. ಒಂದು ಮಾತಾಡಿಲ್ಲ. ನಾನು ಹೇಳಿ ನೋಡಿದೆ, ತೆಕ್ಲಾ ಚಿಕ್ಕಮ್ಮ ಹೇಳಿ ನೋಡಿದಳು, ನಮ್ಮ ಮಾತು ಅವಳಿಗೆ ಕೇಳಿಸುವುದೇ ಇಲ್ಲ. ನಾವು ಬಾಟಲಿ ಇಟ್ಟವರಲ್ಲ. ಅವಳಿಗೂ ದಾರದ ತುದಿ ಕೈಗೆ ಕೊಡುವವರು ಬೇಕು. ನೀನು ಬರುವುದಿಲ್ಲ ಎನ್ನುವುದಾದರೆ ಅದನ್ನು ನನಗೆ ಹೇಳಬೇಡ, ನಾಲ್ಕನೇ ಹಾಸಿಗೆಯ ಹತ್ತಿರ ಬಂದು ಅವಳಿಗೆ ಹೇಳು.